ಅಂಬಲಿ ನೀರಲ್ಲ

ನಾನು ಗಂಡನಿಗೆ ಕುಡಿಯಲು ನೀರು ಕೊಡುವುದಿಲ್ಲ ಎಂಬ ಸುದ್ದಿ ರಾಯಚೂರಿನಿಂದ ಹೊರಟು, ಮಾನ್ವಿಯಲ್ಲಿ ನಾದಿನಿಯ ಮನೆಯಲ್ಲಿ ಚಹಾ ಕುಡಿದು, ದೇವದುರ್ಗಕ್ಕೆ ಹೋಗಿ ಅತ್ತೆಯ ಕಿವಿ ಸೇರಿ, ದೀಪಾವಳಿಯ ಹೊತ್ತಿಗೆ ನಮ್ಮ ಮನೆಗೇ ತಿರುಗಿ ಬಂತು. ಬರುವಾಗ ಒಂದೇ ಬರಲಿಲ್ಲ. ಅತ್ತೆ ತಿಮ್ಮವ್ವ, ನಾದಿನಿ ಯಂಕಮ್ಮ, ಅವಳ ಗಂಡ ಮಕ್ಕಳು, ಅತ್ತೆಯ ತಮ್ಮ ಹುಲಿಗೆಪ್ಪ ಮಾವ, ಅವರ ಹೆಂಡತಿ, ಇಷ್ಟು ಮಂದಿಯನ್ನು ಜೊತೆಗೆ ಕರೆದುಕೊಂಡು ಬಂತು.

ಸುದ್ದಿ ಸುಳ್ಳಲ್ಲ. ಕೊಡುತ್ತಿರಲಿಲ್ಲ. ಅವರು ಕೇಳಿದಷ್ಟು ಕೊಡುತ್ತಿರಲಿಲ್ಲ ಎಂದರೆ ಪೂರ್ತಿ ನಿಜವಾಗುತ್ತದೆ, ಆದರೆ ಪೂರ್ತಿ ನಿಜ ಹೇಳುವಷ್ಟು ಪುರುಸೊತ್ತು ಸುದ್ದಿಗೆ ಎಲ್ಲಿರುತ್ತದೆ.

ನಮ್ಮವರು, ಅಂದರೆ ನನ್ನ ಗಂಡ ಜಗದೀಶ, ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ತೂಕ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಬಿಪಿ ಇತ್ತು, ಗೊತ್ತಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಆಮೇಲೆ ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಕಿಡ್ನಿ ಕೆಲಸ ಮಾಡದ ಮನುಷ್ಯ ಕುಡಿದ ನೀರಿಗೆ ಹೊರಗೆ ಹೋಗುವ ದಾರಿ ಇರುವುದಿಲ್ಲ. ಮೊದಲು ಪಾದಕ್ಕೆ ಇಳಿಯುತ್ತದೆ, ಆಮೇಲೆ ಮುಖಕ್ಕೆ ಏರುತ್ತದೆ, ಕೊನೆಗೆ ಎದೆಯೊಳಗೆ ತುಂಬಿ ಉಸಿರು ಕಟ್ಟಿಸುತ್ತದೆ. ಮಷಿನ್ನಿಗೆ ಹಾಕಿದಾಗಲೇ ಅದು ಇಳಿಯುವುದು. ಅದಕ್ಕೇ ಡಾಕ್ಟರು ದಿನಕ್ಕೆ ಅರ್ಧ ಲೀಟರ್ ಎಂದು ಕಟ್ಟು ಹಾಕಿದ್ದರು. ನೀರು ಅಂದರೆ ನೀರೊಂದೇ ಅಲ್ಲಮ್ಮ, ಚಹಾ, ಸಾರು, ಮಜ್ಜಿಗೆ, ಹರಿಯುವುದೆಲ್ಲ ಲೆಕ್ಕಕ್ಕೆ ಬರುತ್ತದೆ ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು.

ರಾಯಚೂರಿನ ಬಿಸಿಲು ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ದೀಪಾವಳಿಗೂ ಫ್ಯಾನು ನಿಲ್ಲುವುದಿಲ್ಲ. ನಾನು ಬೆಳಿಗ್ಗೆ ಒಂದು ಬಾಟಲಿ ತುಂಬಿಸಿ ಅವರ ಪಕ್ಕದಲ್ಲಿಡುತ್ತಿದ್ದೆ. ಅದು ಮುಗಿದರೆ ಆ ದಿನದ ನೀರು ಮುಗಿದಂತೆ. ಮಧ್ಯಾಹ್ನದೊಳಗೇ ಮುಗಿಸಿಬಿಟ್ಟು ಸಂಜೆಯವರೆಗೆ ಗೋಗರೆಯುತ್ತಿದ್ದರು. ಒಮ್ಮೆ ಮುಖ ತೊಳೆಯುವ ನೆಪದಲ್ಲಿ ಬಚ್ಚಲಿನ ನಲ್ಲಿಗೇ ಬಾಯಿ ಹಚ್ಚಿದ್ದರು. ಅಂದಿನಿಂದ ಅವರು ಬಚ್ಚಲಿಗೆ ಹೋದರೆ ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಡುಗೆಮನೆಯಲ್ಲಿ ಕುಡಿಯುವ ನೀರಿನ ಕೊಡ ಇರುತ್ತದಲ್ಲ, ಆ ಬಾಗಿಲಿಗೆ ಬೀಗ ಹಾಕಿಸಿದೆ. ಸಿಟ್ಟು ಬಂದ ದಿನ ಅವರು ನನ್ನನ್ನು ರಾಕ್ಷಸಿ ಅನ್ನುತ್ತಿದ್ದರು. ಡಯಾಲಿಸಿಸ್ ಮುಗಿಸಿಕೊಂಡು ಬಂದ ದಿನ ಕೈ ಹಿಡಿದುಕೊಂಡು, ನೀ ಇರದಿದ್ದರ ನಾ ಯಾವಾಗೋ ಹೋಗ್ತಿದ್ದೆ ಮಲ್ಲಿ ಅನ್ನುತ್ತಿದ್ದರು. ನಾನು ಎರಡನ್ನೂ ಕೇಳಿಸಿಕೊಂಡು ಮರುದಿನ ಮತ್ತೆ ಅದೇ ಬಾಟಲಿ ತುಂಬಿಸುತ್ತಿದ್ದೆ.

ಆದರೆ ನಮ್ಮ ಕಡೆ ಮನೆಗೆ ಶತ್ರು ಬಂದರೂ ಮೊದಲು ಒಂದು ಚೆಂಬು ನೀರು ಇಟ್ಟು ಆಮೇಲೆ ಜಗಳ ತೆಗೆಯುತ್ತಾರೆ. ನೀರು ಕೊಡದವಳು ಎಂಬುದು ನಮ್ಮಲ್ಲಿ ಸಣ್ಣ ಬೈಗುಳವಲ್ಲ. ನೋಡಲು ಬಂದವರ ಮುಂದೆ ಅವರು ನೀರು ನೀರು ಅನ್ನುವುದು, ನಾನು ಸಾಕು ಸಾಕು ಅನ್ನುವುದು, ಬಂದವರು ನನ್ನ ಮುಖ, ಬೀಗದ ಮುಖ ಎರಡನ್ನೂ ನೋಡಿಕೊಂಡು ಎದ್ದು ಹೋಗುವುದು, ಹೀಗೇ ನನ್ನ ಹೆಸರು ಊರೂರು ಸುತ್ತಿತು.

ಈ ಸಲದ ದೀಪಾವಳಿಗೆ ನನಗೆ ಮೊದಲೇ ಭಯ ಇತ್ತು. ಪಾಡ್ಯದ ದಿನವೇ ಅವರ ಡಯಾಲಿಸಿಸ್ ಸರದಿ. ಹಬ್ಬಕ್ಕೆ ಮಷಿನ್ ನಡೆಸುವವರು ಊರಿಗೆ ಹೋಗುತ್ತಾರೆ, ಪಾಡ್ಯದ ಮರುದಿನ ಬನ್ನಿ, ಅಲ್ಲಿಯವರೆಗೆ ನೀರಿನ ಕಡೆ ಹುಷಾರು ಎಂದು ಡಯಾಲಿಸಿಸ್ ಕೇಂದ್ರದವರು ಹೇಳಿ ಕೈ ತೊಳೆದುಕೊಂಡರು. ಒಂದೇ ಒಂದು ದಿನ ಹೆಚ್ಚು. ಗಟ್ಟಿ ಇದ್ದವರಿಗೆ ಅದು ಒಂದು ಹಳ್ಳ ದಾಟಿದಷ್ಟು ಸಲೀಸು, ನಮಗೆ ತುಂಬಿದ ಹೊಳೆ. ನಾನು ಆಗಲೇ ಗಟ್ಟಿ ಮನಸ್ಸು ಮಾಡಿದೆ. ಈ ವರ್ಷ ಹಬ್ಬ ಬೇಡ. ಯಾರ ಮನೆಗೂ ಹೋಗುವುದು ಬೇಡ, ಯಾರೂ ಬರುವುದು ಬೇಡ, ಹೋಳಿಗೆ ಬೇಡ, ಕರಿದದ್ದು ಬೇಡ. ಬಾಗಿಲು ಮುಂದೆ ಮಾಡಿಕೊಂಡು ತಣ್ಣಗೆ ಕೂತು ಪಾಡ್ಯ ದಾಟಿಸಿದರೆ ಸಾಕು. ದೇವದುರ್ಗಕ್ಕೆ ಬರ್ರಿ ಎಂದು ಅತ್ತೆ ಫೋನು ಮಾಡಿದಾಗ ಇದನ್ನೇ ಹೇಳಿದೆ. ಅತ್ತೆ ಆಯ್ತವ್ವ ಎಂದರು. ಅವರು ಆಯ್ತು ಅಂದರೆ ಏನೋ ಬೇರೆ ಆಗಲಿದೆ ಎಂದು ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಬೇಕಿತ್ತು. ಮಗನಿಗೆ ಬರಲಾಗದಿದ್ದರೆ ನಾವೇ ಹೋಗೋಣ ಎಂದು ಅವರು ಎಲ್ಲರನ್ನೂ ಕಟ್ಟಿಕೊಂಡು ಹೊರಟರು.

ಬಂದ ದಿನವಾದರೂ ಯಾವುದು, ನೀರು ತುಂಬುವ ಹಬ್ಬದ ಸಂಜೆ. ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಕೊರಳಿಗೆ ಹಾಗಲಬಳ್ಳಿ ಸುತ್ತಿ, ಗಂಗವ್ವನ ಪೂಜೆ ಮಾಡಿ ಮನೆಯಲ್ಲಿರುವ ಪಾತ್ರೆಗಳನ್ನೆಲ್ಲ ನೀರಿನಿಂದ ತುಂಬಿಸುವ ದಿನ. ಯಂಕಮ್ಮ ಬಂದವಳೇ ಸೀರೆ ಎತ್ತಿ ಕಟ್ಟಿ ಬಿಂದಿಗೆ ಕೊಡ ತಪ್ಪಲೆ ಎಲ್ಲ ತುಂಬಿಸಿದಳು. ನಮ್ಮವರು ಮಂಚದ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ಅತ್ತೆ ಹತ್ತಿರ ಹೋಗಿ ಮುಖ ಸವರಿ, ಹೆಂಗದಿಯಪ್ಪ ಎಂದು ಕೇಳಿದರು.

"ಯವ್ವಾ, ನೀರು ಬೇಕು" ಎಂದರು ನಮ್ಮವರು.

ನಾನು ಸುಳ್ಳು ಹೇಳುವುದಿಲ್ಲ, ಅವರ ವಯಸ್ಸಿನ ಗಂಡಸು ಹಾಗೆ ಕೇಳಿದ್ದನ್ನು ಕೇಳಿ ಅತ್ತೆಯ ಮುಖ ಕಪ್ಪಿಟ್ಟಿತು. ಆ ಮುಖ ನೋಡಿ ನನಗೂ ಅಳು ಬಂತು. ನಮಗೆ ಮಕ್ಕಳಿಲ್ಲ. ಆ ಮಾತನ್ನು ಅತ್ತೆ ಒಂದು ದಿನವೂ ನನ್ನೆದುರು ಆಡಿದವರಲ್ಲ, ಅಷ್ಟರಮಟ್ಟಿಗೆ ಒಳ್ಳೆಯವರು. ಆದರೆ ಆ ಹೊತ್ತು ನನ್ನ ಕಡೆ ತಿರುಗಿ ನೋಡಿದಾಗ, ಹಡೆದವಳಿಗೆ ಗೊತ್ತು, ನಿನಗೇನು ಗೊತ್ತು ಎಂದು ಕಣ್ಣಲ್ಲೇ ಹೇಳಿದರು.

ನಾನು ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಿದೆ. ಎದೆಗೆ ನೀರು ತುಂಬಿದರೆ ಏನಾಗುತ್ತದೆ ಎಂದು ಹೇಳಿದೆ. ಪಾಡ್ಯದ ಮರುದಿನದವರೆಗೆ ಮಷಿನ್ ಇಲ್ಲ ಎಂದು ಹೇಳಿದೆ. ಹರಿಯುವುದೆಲ್ಲ ನೀರೇ ಎಂದು ಡಾಕ್ಟರು ಹೇಳಿದ್ದನ್ನೂ ಹೇಳಿದೆ. ಹುಲಿಗೆಪ್ಪ ಮಾವ ಊರಲ್ಲಿ ಪಂಚಾಯಿತಿ ಮಾಡುವವರು, ಎಲ್ಲ ಕೇಳಿ ತಲೆ ಅಲ್ಲಾಡಿಸಿದರು. ಆಮೇಲೆ ಎಲೆಗೆ ಸುಣ್ಣ ಹಚ್ಚುತ್ತ, "ನೀರಿಲ್ಲದ ಸತ್ತವರನ್ನ ನಾ ಕಂಡೀನವ್ವ, ನೀರು ಕುಡದು ಸತ್ತವರನ್ನ ಈ ವಯಸ್ಸಿನ ತನಕ ಕಂಡಿಲ್ಲ" ಎಂದರು. ಕೂತವರೆಲ್ಲ ಹೌದೌದು ಎಂದರು. ಅತ್ತೆ ಮಾತ್ರ ನನ್ನ ಕೈ ಹಿಡಿದು, "ನೀ ಹೇಳಿದಂಗ ಆಗ್ಲಿ. ನೀರು ನಾ ಕೊಡಂಗಿಲ್ಲ" ಎಂದು ಮಾತು ಕೊಟ್ಟರು. ತಿಮ್ಮವ್ವ ಕೊಟ್ಟ ಮಾತಿಗೆ ತಪ್ಪಿದ ಹೆಣ್ಣಲ್ಲ. ನೀರು ಅವರು ಕೊಡಲಿಲ್ಲ.

ಮರುದಿನ ಚತುರ್ದಶಿ. ನಸುಕಿಗೆ ಎಣ್ಣೆ ಹಚ್ಚಿ ಎಲ್ಲರಿಗೂ ನೀರೆರೆದು, ಗಂಡಸರನ್ನು ಸಾಲಾಗಿ ಮಣೆಯ ಮೇಲೆ ಕೂರಿಸಿ ಆರತಿ ಬೆಳಗಿದರು. ಯಂಕಮ್ಮ ಅಣ್ಣನಿಗೆ ಕುಂಕುಮ ಹಚ್ಚಿ, ಆರತಿ ಎತ್ತಿ, ಬಾಯಿಗೆ ಸಿಹಿ ಇಟ್ಟಳು. ತಟ್ಟೆಗೆ ಹಾಕಲು ಅಣ್ಣನ ಹತ್ತಿರ ನೂರರ ನೋಟು ಇರದೆ ನನ್ನ ಕಡೆ ನೋಡಿದಾಗ, ವೈನಿ ನೀರಿಗಷ್ಟ ಅಲ್ಲ ರೊಕ್ಕಕ್ಕೂ ಬೀಗ ಹಾಕ್ಯಾಳೇನು ಎಂದು ನಗಿಸಿದಳು. ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ಅವರು ಬಾಯಿ ತುಂಬ ನಕ್ಕದ್ದನ್ನು ನೋಡಿ ಎಷ್ಟೋ ತಿಂಗಳಾಗಿತ್ತು. ಅವರ ಜೀವ ಹಿಡಿದಿಟ್ಟವಳು ನಾನು, ನಗಿಸಿದವರು ಇವರು. ನನಗೆ ಹೊಟ್ಟೆಕಿಚ್ಚಾಯಿತು.

ಹೊಟ್ಟೆಕಿಚ್ಚು ಪಡಲು ಕೂಡ ಹೆಚ್ಚು ಹೊತ್ತು ಸಿಗಲಿಲ್ಲ. ರೋಗಿಯನ್ನು ನೋಡಲು ಬಂದವರಿಗೆ ಹೋಳಿಗೆ ಬೇಯಿಸಬೇಕಲ್ಲ. ನನಗೆ ಹಬ್ಬ ಬೇಡವಾಗಿತ್ತು, ಆದರೆ ಹಬ್ಬದ ದಿನ ಮನೆಯಲ್ಲಿ ಮಂದಿಯಿಟ್ಟುಕೊಂಡು ಅನ್ನ ಸಾರು ಬಡಿಸಿದರೆ ಅದಕ್ಕೆ ಬೇರೆ ಹೆಸರು ಬರುತ್ತದೆ. ಒಲೆ ಮುಂದೆ ನಿಂತವಳು ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ ಇದ್ದೆ. ಹೂರಣ ರುಬ್ಬುವುದು, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಮಕ್ಕಳಿಗೆ ಭಜಿ. ಯಂಕಮ್ಮ ಮಾನ್ವಿಯಿಂದ ಡಬ್ಬಿ ತುಂಬ ಚಕ್ಕುಲಿ, ಶೇಂಗಾ ಹಿಂಡಿ, ಕರಿದ ಸಂಡಿಗೆ ತಂದಿದ್ದಳು. ಅಣ್ಣನ ಬಾಯಿ ಸಪ್ಪಗಾಗೇದ ಎಂದು ಒಂದು ಹಿಡಿ ಕೈಗೆ ಕೊಟ್ಟಿದ್ದಳು. ಉಪ್ಪು ತಿಂದರೆ ನೀರಡಿಕೆ ಎರಡು ಪಟ್ಟಾಗುತ್ತದೆ. ನಾನು ಹೋಗಿ ಕೈಯಿಂದ ಕಿತ್ತುಕೊಂಡೆ. ಅವಳು ಮುಖ ಊದಿಸಿಕೊಂಡು ಹೊರಗೆ ಹೋಗಿ ಕೂತಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದವನಿಗೆ ಕಿಡ್ನಿ ಚೆನ್ನಾಗಿತ್ತು ಕಾಣುತ್ತದೆ.

ಬೀಗವೂ ಹೋಯಿತು. ಅಷ್ಟು ಮಂದಿ ಓಡಾಡುವ ಮನೆಯಲ್ಲಿ ಅಡುಗೆಮನೆಗೆ ಬೀಗ ಹಾಕಲಾಗುತ್ತದೆಯೇ? ನಾನೇ ಒಳಗೆ ನಿಂತು ಕಾಯುತ್ತಿದ್ದೆ. ನನ್ನ ಕಣ್ಣು ನೀರಿನ ಕೊಡದ ಮೇಲೆ, ಅವರ ಪಕ್ಕದ ಬಾಟಲಿಯ ಮೇಲೆ. ಅತ್ತೆ ಆಗಾಗ ಒಳಗೆ ಬಂದು ಜೋಳದ ಹಿಟ್ಟು, ಮಜ್ಜಿಗೆ ಎಂದು ಏನಾದರೂ ಒಯ್ಯುತ್ತಿದ್ದರು. ಹಿಂದಿನ ಅಂಗಳದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿದ್ದರು, ಅಲ್ಲಿ ಏನೋ ಕುದಿಸುತ್ತಿದ್ದರು. ಬಂದವರಿಗೆ ಒಂದೊಂದು ಬಗೆ ಬೇಕು, ಹುಲಿಗೆಪ್ಪ ಮಾವನಿಗೆ ಹೋಳಿಗೆ ಜೀರ್ಣವಾಗುವುದಿಲ್ಲ, ಅವರಿಗೇ ಇರಬೇಕು ಎಂದುಕೊಂಡೆ. ಅಷ್ಟು ಹೊಟ್ಟೆಗಳಿರುವ ಮನೆಯಲ್ಲಿ ಮಜ್ಜಿಗೆ ಯಾರ ಬಾಯಿಗೆ ಹೋಯಿತೆಂದು ಯಾರು ಕೇಳುತ್ತಾರೆ.

ಅಮಾವಾಸ್ಯೆಯ ಸಂಜೆ ಲಕ್ಷ್ಮೀ ಪೂಜೆ ಮುಗಿಸಿ ನಮ್ಮವರ ಪಾದ ನೋಡಿದೆ. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯಿತು. ಕಣ್ಣಿನ ಕೆಳಗೆ ಊದಿಕೊಂಡಿತ್ತು. ಏನಾದರೂ ಕುಡಿದಿರೇನು ಎಂದು ಕೇಳಿದೆ. ಇಲ್ಲ ಎಂದರು. ಬಾಟಲಿ ನೋಡಿದೆ, ಲೆಕ್ಕ ಸರಿಯಾಗಿತ್ತು, ಇನ್ನೂ ತಳದಲ್ಲಿ ಸ್ವಲ್ಪ ಉಳಿದಿತ್ತು ಕೂಡ. ಯಾವಾಗಲೂ ಮಧ್ಯಾಹ್ನಕ್ಕೇ ಮುಗಿಸುವವರು ಸಂಜೆಗೆ ನೀರು ಉಳಿಸಿದ್ದಾರೆ ಎಂದರೆ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಸಂತೋಷವಾಯಿತು. ತಾಯಿ ಬಂದದ್ದರಿಂದ ಮನಸ್ಸಿಗೆ ಸಮಾಧಾನವಾಗಿ ನೀರಡಿಕೆ ಕಡಿಮೆಯಾಗಿದೆ ಎಂದುಕೊಂಡೆ. ಅತ್ತೆಯೂ ಅದನ್ನೇ ಹೇಳಿದರು. ನನ್ನ ಕೈ ಬಿದ್ದ ಮ್ಯಾಲ ನೋಡು, ನೀರು ಕೇಳೋದ ಬಿಟ್ಟಾನ ಎಂದರು.

ಪಾಡ್ಯದ ದಿನ ಊಟದ ಹೊತ್ತಿಗೆ ಅವರಿಗೆ ಮಲಗಲು ಆಗಲಿಲ್ಲ. ಎದ್ದು ಕೂತರು. ಕೂರಲೂ ಆಗದೆ ಮುಂದಕ್ಕೆ ಬಾಗಿ ಮಂಚದ ಪಟ್ಟಿ ಹಿಡಿದುಕೊಂಡರು. ಉಸಿರು ಎಳೆದಾಗ ಎದೆಯೊಳಗೆ ಗುಳುಗುಳು ಸದ್ದು ಬರುತ್ತಿತ್ತು. ಕೆಮ್ಮಿದರೆ ನೊರೆ. ನಾನು ಹೋಳಿಗೆಯ ಕೈಯಲ್ಲೇ ಓಡಿಹೋಗಿ ಪಕ್ಕದ ಮನೆಯ ಖಲೀಲ್‌ನನ್ನು ಕರೆದೆ. ಅವನು ಊಟ ಬಿಟ್ಟೆದ್ದು ಆಟೋ ತಂದ. ಮುಂದೆ ಅವನ ಪಕ್ಕ ಹುಲಿಗೆಪ್ಪ ಮಾವ, ಹಿಂದೆ ನಾನು ಮತ್ತು ನಮ್ಮವರು. ಉಳಿದವರು ಇನ್ನೊಂದು ಆಟೋ ಹುಡುಕಿಕೊಂಡು ಬರುತ್ತೇವೆ ಎಂದರು. ಡಯಾಲಿಸಿಸ್ ಕೇಂದ್ರದ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಬೀಗ ಹಾಕಿದ್ದರು. ಅಲ್ಲಿಂದ ದೊಡ್ಡ ಆಸ್ಪತ್ರೆಯ ಕಡೆ ತಿರುಗಿದೆವು.

ದಾರಿಯಲ್ಲಿ ಅವರು ನನ್ನ ಭುಜಕ್ಕೆ ತಲೆಯಿಟ್ಟು, ಮುಂದೆ ಕೂತವರಿಗೆ ಕೇಳದ ಹಾಗೆ ತುಂಡು ತುಂಡಾಗಿ ಹೇಳಿದರು. ಅವ್ವ ಅಂಬಲಿ ಕೊಟ್ಟಳು. ಬಂದ ರಾತ್ರಿಯಿಂದ. ನಾನೇ ಕೇಳಿದೆ, ತಣ್ಣಗಿತ್ತು, ನೀರು ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿದ್ದಳು. ಹೊಟ್ಟೆ ತುಂಬ ಕುಡಿದೆ ಮಲ್ಲಿ.

ನನಗೆ ಅತ್ತೆಯ ಮೇಲೆ ಬಂದ ಸಿಟ್ಟಿಗಿಂತ ಇವರ ಮೇಲೆ ಬಂದ ಸಿಟ್ಟು ದೊಡ್ಡದು. ಇಷ್ಟು ದಿನ ಕಾದದ್ದು ಯಾರಿಗಾಗಿ ಎಂದು ಅಲ್ಲೇ ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಅವರು ನನ್ನ ಕೈ ಹಿಡಿದುಕೊಂಡರು.

"ಅವ್ವಗ ಗೊತ್ತಾಗಬಾರದು. ಅಕಿ ಅದನ್ನ ಊಟ ಅಂತ ಕೊಟ್ಟಾಳ. ಗೊತ್ತಾದ್ರ ಅಕಿ ಬದಕಂಗಿಲ್ಲ. ನನ್ನ ಆಣಿ ಅದ ನಿನಗ."

ಆಯ್ತು ಎಂದೆ. ಉಸಿರು ಸಿಗದ ಮನುಷ್ಯ ಆಣೆ ಕೇಳಿದರೆ ಇಲ್ಲ ಎನ್ನುವ ಹೆಂಡತಿ ಎಲ್ಲಿದ್ದಾಳೆ.

ಆಸ್ಪತ್ರೆಯಲ್ಲಿ ಹಬ್ಬದ ದಿನಕ್ಕೆಂದು ಒಬ್ಬರೇ ಡಾಕ್ಟರು ಇದ್ದರು. ವಯಸ್ಸು ಚಿಕ್ಕದು. ಮೂಗಿಗೆ ಆಮ್ಲಜನಕ ಹಚ್ಚಿ, ಮಷಿನ್ನಿಗೆ ಹಾಕಲು ಫೋನು ಮಾಡಿ ಜನರನ್ನು ಕರೆಸಿದರು. ಅಷ್ಟರಲ್ಲಿ ಅತ್ತೆ, ಯಂಕಮ್ಮ ಎಲ್ಲ ಬಂದು ಮಂಚದ ಸುತ್ತ ನಿಂತಿದ್ದರು. ಡಾಕ್ಟರು ಪಾದ ಒತ್ತಿ ನೋಡಿ ಸಿಟ್ಟಿಗೆದ್ದರು. ಇಷ್ಟು ನೀರು ಯಾರು ಕುಡಿಸಿದಿರಿ ಎಂದು ಕೇಳಿದರು.

ಅತ್ತೆ ಮುಂದೆ ಬಂದರು. ಅವರ ದನಿಯಲ್ಲಿ ಕಳ್ಳತನವಿರಲಿಲ್ಲ, ಹೆಮ್ಮೆಯೇ ಇತ್ತು. ನಮ್ಮ ಮನಿಯಾಗ ಯಾರೂ ಒಂದ್ ಹನಿ ನೀರು ಕೊಟ್ಟಿಲ್ರಿ, ನಾ ಹಗಲೆಲ್ಲ ಅವನ ಬಾಜೂಕ ಕುಂತೀನಿ ಎಂದರು. ಡಾಕ್ಟರು ನಂಬಲಿಲ್ಲ. ರೋಗಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನೀರು ತಾನಾಗಿ ಬರುವುದಿಲ್ಲ, ನಿಜ ಹೇಳಿ, ಎಷ್ಟು ಒಳಗೆ ಹೋಗಿದೆ ಎಂದು ಗೊತ್ತಾದರೆ ಅಷ್ಟು ತೆಗೆಯಬಹುದು ಎಂದರು. ನಮ್ಮವರು ಆಮ್ಲಜನಕದ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಆ ನೋಟ ಏನು ಕೇಳುತ್ತಿದೆ ಎಂದು ನನಗೊಬ್ಬಳಿಗೇ ಗೊತ್ತು.

"ನಾನ ಕೊಟ್ಟೀನ್ರಿ" ಎಂದೆ. "ಮೂರು ದಿನದಿಂದ. ಕೇಳಿದಷ್ಟು."

ಯಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹುಲಿಗೆಪ್ಪ ಮಾವ ನೆಲ ನೋಡಿದರು. ಅತ್ತೆ ನನ್ನಿಂದ ಒಂದು ಹೆಜ್ಜೆ ದೂರ ಸರಿದು ನಿಂತರು. ನಮ್ಮವರನ್ನು ಮಷಿನ್ನಿಗೆ ಹಾಕಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೃದಯ ನಿಂತಿತು. ಹೊರಗೆ ಬೀದಿಯಲ್ಲಿ ಯಾರೋ ಪಟಾಕಿ ಸರ ಹಚ್ಚಿದ್ದರು. ಡಾಕ್ಟರು ಹೊರಗೆ ಬಂದು ಹೇಳಿದ್ದು ಆ ಗದ್ದಲದಲ್ಲಿ ನಮಗೆ ಸರಿಯಾಗಿ ಕೇಳದೆ ಎರಡನೇ ಸಲ ಹೇಳಬೇಕಾಯಿತು.

ಹೆಣವನ್ನು ದೇವದುರ್ಗಕ್ಕೆ ಒಯ್ದೆವು. ನಮ್ಮಲ್ಲಿ ಹೂಳುವುದು. ಅವರ ಅಪ್ಪನ ಸಮಾಧಿಯ ಪಕ್ಕದಲ್ಲೇ ಜಾಗ ಮಾಡಿದ್ದರು. ಮಣ್ಣಿಗೆ ಬಂದ ಮಂದಿಯ ಬಾಯಲ್ಲಿ ನನ್ನ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. ಕೆಲವರು, ಗಂಡ ನೀರು ನೀರು ಅಂತ ಬಾಯಿ ಬಿಟ್ಟರೂ ಒಂದು ಗುಟುಕು ಕೊಡದ ಪಾಪಿ ಎಂದರು. ಇನ್ನು ಕೆಲವರು, ಡಾಕ್ಟರು ಬೇಡ ಅಂದರೂ ಕದ್ದು ಕದ್ದು ನೀರು ಕುಡಿಸಿ ಕೊಂದಳು ಎಂದರು. ಎರಡನ್ನೂ ಒಂದೇ ಬಾಯಲ್ಲಿ ಆಡಿದವರೂ ಇದ್ದರು. ನೀರು ಕೊಡದಿದ್ದವಳೂ ನಾನೇ, ಕೊಟ್ಟವಳೂ ನಾನೇ ಹೇಗಾದೇನು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆಡುವವರ ಬಾಯಿಗೆ ಅಡ್ಡಗಟ್ಟೆ ಇಲ್ಲ. ನಾನು ಸುಮ್ಮನಿದ್ದೆ. ಸತ್ತವರ ಆಣೆ ಬದುಕಿದವರ ಆಣೆಗಿಂತ ಭಾರ.

ಮೂರನೇ ದಿನ ಹಾಲು ಹಾಕಲು ಹೋದೆವು. ಆ ದಿನ ಮಣ್ಣು ಮಾಡಿದ ಜಾಗಕ್ಕೆ ಹಾಲು ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ ತಿನಿಸನ್ನೆಲ್ಲ ಎಡೆ ಇಡುತ್ತಾರೆ. ಯಂಕಮ್ಮ ಚಕ್ಕುಲಿ ತಂದಿದ್ದಳು. ಯಾರೋ ಬೀಡಿ ಕಟ್ಟು ಇಟ್ಟರು, ಅವರು ಬೀಡಿ ಬಿಟ್ಟು ಹತ್ತು ವರ್ಷದ ಮೇಲಾಗಿತ್ತು. ಅತ್ತೆ ಸಣ್ಣ ಗಡಿಗೆಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರು. ಮುಚ್ಚಳ ತೆಗೆದಾಗ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯ ವಾಸನೆ ಬಂತು.

ಎಲ್ಲರೂ ನಿಂತು ನೋಡುತ್ತಿರುವಾಗ ಅತ್ತೆ ಮಗನ ಜೊತೆ ಮಾತಾಡುವಂತೆ ಮಣ್ಣಿನ ಕಡೆ ನೋಡಿಕೊಂಡು, ಕುಡಿಯಪ್ಪ, ಇದ ನಿನಗ ರುಚಿ ಹತ್ತಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ದನಿ ಎತ್ತಲಿಲ್ಲ. ಎತ್ತಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ.

"ಹೊಟ್ಟಿ ಹಸದಾಗ ನಾ ಅಂಬಲಿ ಕೊಟ್ಟೆ. ನೀರಂತೂ ಕೊಡ್ಲಿಲ್ಲ, ನಿನಗ ಮಾತು ಕೊಟ್ಟಿದ್ದೆ. ನೀ ನನ್ನ ಕಡಿಂದ ಮಾತು ತಗೊಂಡು, ಹಿಂದಿಂದ ನೀರು ಕುಡಿಸಿದಿ. ನನ್ನಂಗ ಅಂಬಲಿ ಕೊಟ್ಟಿದ್ದರ ನನ್ನ ಕೂಸು ಉಳೀತಿತ್ತು."

ಹೆಂಗಸರು ಲೊಚಗುಟ್ಟಿದರು. ಯಾರೋ ಹಿಂದಿನಿಂದ, ಹಡದಾಕಿ ಹಡದಾಕಿನ ಎಂದರು.

ಒಂದೂವರೆ ವರ್ಷ ನಾನು ಬಚ್ಚಲ ಬಾಗಿಲಲ್ಲಿ ನಿಂತಿದ್ದೆ. ರಾಕ್ಷಸಿ ಅನ್ನಿಸಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಅಷ್ಟು ಮಂದಿಯ ಮುಂದೆ ಮಾಡದ ತಪ್ಪು ತಲೆಯ ಮೇಲೆ ಹಾಕಿಕೊಂಡಿದ್ದೆ. ಅದೆಲ್ಲವನ್ನೂ ನುಂಗಿಕೊಂಡವಳಿಗೆ ಈ ಒಂದು ಮಾತು ಗಂಟಲಲ್ಲಿ ಇಳಿಯಲಿಲ್ಲ.

"ನಾ ನೀರು ಕೊಟ್ಟಿಲ್ಲ ಅತ್ತಿ" ಎಂದೆ. "ಸುಳ್ಳು ಹೇಳಿದೆ. ಅವರ ಎದಿಯಾಗ ತುಂಬಿದ್ದು ನಿಮ್ಮ ಅಂಬಲಿ. ಅಂಬಲಿಯಾಗ ಇರೋದು ನೀರ ಅಲ್ಲೇನು? ಹರಿಯೋದೆಲ್ಲ ನೀರು ಅಂತ ನಾ ಎಲ್ಲರ ಮುಂದ ಹೇಳಿದ್ದೆ. ನಿಮಗ ಗೊತ್ತಾಗಬಾರದು ಅಂತ ಆಟೋದಾಗ ಆಣಿ ತಗೊಂಡ್ರು."

ಹುಲಿಗೆಪ್ಪ ಮಾವ, ಅಂಬಲಿ ಕುಡದು ಸತ್ತಾರಂತ, ಕೇಳ್ರಪ್ಪ ಎಂದರು. ಒಬ್ಬಿಬ್ಬರು ನಕ್ಕರು ಕೂಡ. ನಮ್ಮ ಅಪ್ಪ ಅಜ್ಜ ಎಲ್ಲ ಅದನ್ನ ಕುಡದು ಕಲ್ಲಿನಂಗ ಇದ್ದರು ಎಂದು ಇನ್ನೊಬ್ಬರು ಹೇಳಿದರು. ಯಂಕಮ್ಮ ಕೈ ತಿರುಗಿಸುತ್ತ, ಗಂಡನ್ನ ನುಂಗಿದ್ದು ಸಾಲಲಿಲ್ಲ, ಈಗ ನಮ್ಮವ್ವನ ತಲಿಗೆ ಕಟ್ಟಾಕತ್ತಾಳ ಎಂದು ಅಳತೊಡಗಿದಳು. ನಾನು ನಿಜ ಹೇಳಿದ್ದೆ, ಅಲ್ಲಿದ್ದವರಲ್ಲಿ ಒಬ್ಬರೂ ನಂಬಲಿಲ್ಲ. ನಂಬದಿದ್ದರೆ ಹಾಳಾಗಿ ಹೋಗಲಿ ಎಂದು ಸೆರಗು ಕೊಡವಿಕೊಂಡು ಹೊರಡಲು ತಿರುಗಿದ್ದೆ.

ಅತ್ತೆ ನನ್ನ ತೋಳು ಹಿಡಿದರು. ಅವರ ಮುಖ ನೋಡಿದೆ. ಅವರು ನಂಬಿದ್ದರು. ಬಟ್ಟಲು ಬಟ್ಟಲಾಗಿ ಕುಡಿಸಿದ ಕೈ ಅವರದು, ಎಷ್ಟು ಕುಡಿಸಿದ್ದೇನೆ ಎಂದು ಆ ಕೈಗೆ ಗೊತ್ತಿತ್ತು. ಆದರೂ ಅವರಿಗೆ ನನ್ನ ಬಾಯಿಂದ ಇನ್ನೊಮ್ಮೆ ಬೇಕಿತ್ತು.

"ಖರೇನ?" ಎಂದರು.

ಇಲ್ಲ ಅತ್ತಿ, ಸಿಟ್ಟಿನಾಗ ಅಂದೆ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಸುತ್ತ ನಿಂತವರೆಲ್ಲ ಅದನ್ನೇ ಕಾಯುತ್ತಿದ್ದರು. ಮಣ್ಣಿನ ಕೆಳಗಿದ್ದವರೂ ಅದನ್ನೇ ಕೇಳಿದ್ದರು.

"ಖರೆ" ಎಂದೆ.

ಅತ್ತೆ ಅಳಲಿಲ್ಲ. ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಣ್ಣಿನ ಮುಂದೆ ಹಾಗೇ ನಿಂತರು. ಬಾಗಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಹುಲಿಗೆಪ್ಪ ಮಾವ, ಹೊತ್ತಾತು, ಹಾಕಿಬಿಡಕ್ಕ ಎಂದರು. ಅತ್ತೆ ಅವರ ಮಾತು ಕೇಳಿಸಿಕೊಳ್ಳದವರಂತೆ ನನ್ನ ಕಡೆ ನೋಡಿದರು. ಮದುವೆಯಾಗಿ ಬಂದ ದಿನದಿಂದ ಅವರು ಯಾವುದಕ್ಕೂ ನನ್ನ ಅಪ್ಪಣೆ ಕೇಳಿದವರಲ್ಲ.

"ಮಲ್ಲಿಕಾ, ಇದನ್ನ ಈಗ ಅವಗ ಹಾಕಬೇಕೋ ಬ್ಯಾಡೋ?" ಎಂದು ಕೇಳಿದರು.